ಆಮೆನ್ ಎನ್ನಬೇಕಾದವನ ಸ್ಥಳ: ಆರಾಧನೆಯಲ್ಲಿ ವಾಣಿಗಳ ಉದ್ದೇಶವನ್ನು ಕುರಿತು

ಸಭೆಯ ಆರಾಧನೆಯಲ್ಲಿ ವಾಣಿಗಳನ್ನಾಡುವುದರ ಉದ್ದೇಶವೇನು ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಅದು ಪವಿತ್ರಾತ್ಮನ ದೀಕ್ಷಾಸ್ನಾನಕ್ಕೆ ಪ್ರಮಾಣವೆಂದು ಒಂದು ಪಕ್ಷ ಸಾಧಿಸುತ್ತದೆ. ಅಪೊಸ್ತಲರ ಕಾಲಕ್ಕೆ ಅದು ಮುಗಿದುಹೋಯಿತು, ಈಗ ಕೇಳಿಬರುವುದು ಬರಿಯ ಭಾವೋದ್ರೇಕವೆಂದು ಇನ್ನೊಂದು ಪಕ್ಷ ತಳ್ಳಿಹಾಕುತ್ತದೆ. ಎರಡೂ ಪಕ್ಷದವರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯವನ್ನೇ ತೆರೆದಿಟ್ಟುಕೊಂಡು ವಾದಿಸುತ್ತಾರೆ. ಆದರೆ ಅದರ 16ನೆಯ ವಚನದಲ್ಲಿ ಕುಳಿತಿರುವ ಒಬ್ಬ ಮನುಷ್ಯನನ್ನು ಇಬ್ಬರೂ ಗಮನಿಸದೆ ದಾಟಿಹೋಗುತ್ತಾರೆ. ಪಕ್ಕದಲ್ಲಿರುವವನು ಆತ್ಮದಿಂದ ಸ್ತೋತ್ರ ಮಾಡುತ್ತಿದ್ದಾನೆ. ಈತನಿಗೆ ಅದು ತಿಳಿಯದು. ತಿಳಿಯದಿದ್ದ ಮೇಲೆ ಆಮೆನ್ ಎನ್ನುವುದು ಹೇಗೆಂದು ಪೌಲನು ಕೇಳುತ್ತಾನೆ. ಗ್ರೀಕ್ ಮೂಲದಲ್ಲಿ ಆತನನ್ನು 'ಇದಿಯೋತೇಸ್' ಎಂದು ಕರೆದಿದೆ, ಅಂದರೆ ವಿಶೇಷ ತಿಳಿವಳಿಕೆಯಾಗಲಿ ಅಧಿಕಾರವಾಗಲಿ ಇಲ್ಲದ ಸಾಮಾನ್ಯ. ಆತನಿಗೊಂದು 'ತೋಪೊಸ್', ಒಂದು ಸ್ಥಳ, ಸಭೆಯಲ್ಲಿದೆ. ವಾಣಿಗಳ ಉದ್ದೇಶವನ್ನು ಪೌಲನು ಅಳೆಯುವುದು ಆ ಸ್ಥಳದಲ್ಲಿ ಕುಳಿತು ಎಂಬುದೇ ಈ ಲೇಖನದ ವಾದ.

ವಾದಕ್ಕೆ ಇಳಿಯುವ ಮೊದಲು ನಮ್ಮ ಸತ್ಯವೇದದ ಎರಡು ಪದಗಳನ್ನು ಪರಿಶೀಲಿಸಬೇಕು. ನಮ್ಮ ತಿಳಿವಳಿಕೆಯನ್ನು ಅವು ನಮಗರಿವಿಲ್ಲದೆಯೇ ರೂಪಿಸಿವೆ. ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಶಿಷ್ಯರು ಮಾತಾಡಿದ್ದು 'ಭಾಷೆ'ಗಳಲ್ಲಿ. ಕೊರಿಂಥದವರು ಆಡಿದ್ದು 'ವಾಣಿ'. ಮೂಲದಲ್ಲಿ ಎರಡು ಕಡೆಯೂ 'ಗ್ಲೋಸ್ಸಾ' ಎಂಬ ಒಂದೇ ಪದವಿದೆ. ನಾಲಿಗೆ ಎಂಬುದು ಅದರ ಮೊದಲ ಅರ್ಥ. ನಮ್ಮ ಅನುವಾದಕರು ಎರಡನ್ನೂ ಬೇರ್ಪಡಿಸಿದ್ದು ತಪ್ಪಲ್ಲ. ಯೆರೂಸಲೇಮಿನಲ್ಲಿ ಕೇಳಿದವರಿಗೆ ಅರ್ಥವಾಯಿತು, ಕೊರಿಂಥದಲ್ಲಿ ಆಗಲಿಲ್ಲ. ಈ ಭೇದವನ್ನು ಕನ್ನಡ ಓದುಗನು ಯಾವ ವ್ಯಾಖ್ಯಾನದ ಸಹಾಯವೂ ಇಲ್ಲದೆ ಕಾಣಬಲ್ಲನು. ಆದರೆ 'ವಾಣಿ' ಎಂಬುದು ಕನ್ನಡದಲ್ಲಿ ಬಹಳ ಎತ್ತರದ ಪದ. ದೈವವಾಣಿ, ಆಕಾಶವಾಣಿ, ವೇದವಾಣಿ ಎಂದೆಲ್ಲ ಕೇಳಿದ ಕಿವಿಗೆ ಅದು ಮೇಲಿನಿಂದ ಇಳಿದುಬಂದ ಅಧಿಕೃತ ನುಡಿಯಂತೆಯೇ ಕೇಳಿಸುತ್ತದೆ. ಪೌಲನು ಹೇಳುವ ವಾಣಿಯ ದಿಕ್ಕು ಇದಕ್ಕೆ ವಿರುದ್ಧ. ಅದನ್ನಾಡುವವನು ಮಾತಾಡುವುದು ದೇವರೊಡನೆ (14:2). ದೇವರು ಜನರಿಗೆ ಹೇಳುವ ಮಾತಿಗೆ ಅಪೊಸ್ತಲನು ಇಡುವ ಹೆಸರು ಪ್ರವಾದನೆ. ವಾಣಿಗೆ ಅರ್ಥ ಹೇಳುವೆನೆಂದು ಎದ್ದು 'ನನ್ನ ಮಗುವೇ, ಕರ್ತನು ನಿನಗೆ ಹೀಗೆ ಹೇಳುತ್ತಾನೆ' ಎಂದು ಆರಂಭಿಸುವ ವಾಡಿಕೆ ಇಂದು ಅನೇಕ ಕೂಟಗಳಲ್ಲಿದೆ. ಪೌಲನ ವಿವರಣೆಯ ಪ್ರಕಾರ ವಾಣಿಯ ಅರ್ಥವು ಪ್ರಾರ್ಥನೆಯಾಗಿಯೋ ಸ್ತೋತ್ರವಾಗಿಯೋ ಹೊರಬರಬೇಕಾಗಿತ್ತು.

ಎರಡನೆಯ ಪದ 'ಭಕ್ತಿವೃದ್ಧಿ'. ಈ ಅಧ್ಯಾಯದ ಬೆನ್ನೆಲುಬಾಗಿರುವ 'ಓಯ್ಕೊದೊಮೇ' ಎಂಬ ಪದಕ್ಕೆ ನಮ್ಮವರು ಇದನ್ನು ಬಳಸಿದರು. ಮೂಲಪದದ ಅರ್ಥ ಮನೆ ಕಟ್ಟುವುದು. ಇದೇ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಸಭೆಯನ್ನು ದೇವರ ಕಟ್ಟಡವೆನ್ನುವಾಗಲೂ ಪೌಲನು ಇದೇ ಪದವನ್ನು ಬಳಸಿದ್ದಾನೆ. ಕಲ್ಲಿನ ಮೇಲೆ ಕಲ್ಲಿಟ್ಟು ಹಲವರು ಕೂಡಿ ಎಬ್ಬಿಸುವ ಗೋಡೆಯ ಚಿತ್ರ ಅದರಲ್ಲಿದೆ. 'ಭಕ್ತಿವೃದ್ಧಿ' ಎಂದೊಡನೆ ಆ ಗೋಡೆ ಮರೆಯಾಗಿ ಒಬ್ಬನ ಅಂತರಂಗದಲ್ಲಿ ಏರುವ ಭಾವವೊಂದು ಉಳಿಯುತ್ತದೆ. 'ನನಗೆ ಭಕ್ತಿವೃದ್ಧಿಯಾಯಿತು' ಎಂದು ಒಬ್ಬ ಸಹೋದರನು ಸಾಕ್ಷಿ ಹೇಳಿದರೆ ಕನ್ನಡದಲ್ಲಿ ಅದು ಪೂರ್ಣ ವಾಕ್ಯ, ಎತ್ತಲು ಆಕ್ಷೇಪಣೆಯೇ ಇಲ್ಲ. ಸಭೆಯ ಕಟ್ಟಡ ಕಟ್ಟಲು ಬಂದವನು 'ನನ್ನನ್ನು ನಾನು ಕಟ್ಟಿಕೊಂಡೆ' ಎಂದರೆ ಮಾತ್ರ ವಿಚಿತ್ರವೆನಿಸುತ್ತದೆ. 14:4ರಲ್ಲಿ ಪೌಲನ ಧ್ವನಿಯಲ್ಲಿ ಆ ವಿಚಿತ್ರದ ಲೇಪವಿದೆಯೆಂದು ನನಗೆ ತೋರುತ್ತದೆ. ಖಂಡನೆ ಅಲ್ಲಿಲ್ಲ, ಸಾಲದು ಎಂಬ ಸೂಚನೆ ಇದೆ.

ಇನ್ನು ವಾಣಿಗಳಿಗೆ ಹೇಳಲಾಗುವ ಉದ್ದೇಶಗಳು. ಸುವಾರ್ತೆಯನ್ನು ಪರಭಾಷೆಯವರಿಗೆ ಸಾರುವ ಸಾಧನ ಅವು ಎಂಬುದು ಬಹಳ ಹಳೆಯ ಅಭಿಪ್ರಾಯ. ಆಧುನಿಕ ಪೆಂತೆಕೊಸ್ತ ಚಳವಳಿಯೂ ಈ ನಂಬಿಕೆಯಿಂದಲೇ ಹೊರಟಿತು. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಟೊಪೀಕಾದಲ್ಲಿ ಚಾರ್ಲ್ಸ್ ಪಾರ್ಹಮ್ ನಡೆಸುತ್ತಿದ್ದ ಬೈಬಲ್ ಶಾಲೆಯಲ್ಲಿ 1901ರ ಜನವರಿ 1ರಂದು ಆಗ್ನೆಸ್ ಓಜ್ಮನ್ ಎಂಬಾಕೆ ವಾಣಿಯನ್ನಾಡಿದಾಗ ಅದು ಚೀನೀ ಭಾಷೆಯೆಂದು ವರದಿಯಾಯಿತು. ಇನ್ನು ಮಿಷನರಿಗಳು ವ್ಯಾಕರಣ ಕಲಿಯಬೇಕಾಗಿಲ್ಲವೆಂದು ಪಾರ್ಹಮ್ ನಿರೀಕ್ಷಿಸಿದರು. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೂರರ ನೇತೃತ್ವದಲ್ಲಿ ಉಜ್ಜೀವನ ಹೊತ್ತಿಕೊಂಡಿತು. ಅಲ್ಲಿ ಅನುಭವ ಪಡೆದ ಆಲ್ಫ್ರೆಡ್ ಗಾರ್, ತಮಗೆ ಬಂಗಾಳಿ ದೊರೆತಿದೆಯೆಂದು ನಂಬಿ, ಪತ್ನಿ ಲಿಲಿಯನ್‌ರೊಡನೆ ಕಲ್ಕತ್ತೆಗೆ ಬಂದರು. ಅವರ ವಾಣಿ ಬಂಗಾಳದವರಿಗೆ ತಿಳಿಯಲಿಲ್ಲ. ಈ ಪ್ರಸಂಗವನ್ನು ಹೇಳಿ ನಗುವವರಿದ್ದಾರೆ. ನನಗೆ ಗಾರ್ ದಂಪತಿಗಳ ಮೇಲೆ ಗೌರವವೇ ಇದೆ. ಅವರು ಹಡಗು ಹತ್ತಿ ಹಿಂದಿರುಗಲಿಲ್ಲ. ಇಲ್ಲಿ ಕೂಟಗಳನ್ನು ನಡೆಸಿದರು. ಮುಂದೆ ಹಾಂಗ್‌ಕಾಂಗಿಗೆ ಹೋದಾಗ ಚೀನೀ ಭಾಷೆಯನ್ನು ಎಲ್ಲರಂತೆ ಕುಳಿತು ಕಲಿಯತೊಡಗಿದರು. ವಾಣಿಯನ್ನು ಕೈಬಿಡದೆ, ಅದು ಸ್ತೋತ್ರಕ್ಕೂ ಪ್ರಾರ್ಥನೆಗೂ ಕೊಡಲ್ಪಟ್ಟದ್ದೆಂದು ತಿದ್ದಿಕೊಂಡರು. ಅನುಭವವೇ ಅವರನ್ನು ಪೌಲನ 14:2ರ ಬಳಿಗೆ ತಂದು ನಿಲ್ಲಿಸಿತು.

ಭಾಷಾವಿಜ್ಞಾನಿ ವಿಲಿಯಂ ಸ್ಯಾಮರಿನ್ 1972ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಅವರು ಸಂಗ್ರಹಿಸಿದ ವಾಣಿಗಳ ಧ್ವನಿಗಳು ಬಹುಮಟ್ಟಿಗೆ ಆಡುವವರ ಸ್ವಂತ ಭಾಷೆಯಿಂದಲೇ ಬಂದವು; ಅವುಗಳಲ್ಲಿ ಮಾನವಭಾಷೆಯ ಅರ್ಥವ್ಯವಸ್ಥೆ ಕಾಣಲಿಲ್ಲ. ವಿರೋಧಿಗಳು ಇಷ್ಟನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಇದು ಮನೋರೋಗವಲ್ಲ, ಪವಿತ್ರವಾದುದನ್ನು ಸೂಚಿಸುವ ನುಡಿಸಂಕೇತ ಎಂದೂ ಅದೇ ಸ್ಯಾಮರಿನ್ ಹೇಳಿದ್ದಾರೆ. ಅರ್ಧವನ್ನು ಉದ್ಧರಿಸಿ ಅರ್ಧವನ್ನು ಬಿಡುವುದು ವಿಮರ್ಶೆಯಲ್ಲ.

ಪ್ರಮಾಣದ ಸಿದ್ಧಾಂತಕ್ಕೆ ಬರೋಣ. ಅಸೆಂಬ್ಲೀಸ್ ಆಫ್ ಗಾಡ್ 1916ರಲ್ಲಿ ತನ್ನ ಮೂಲಸತ್ಯಗಳ ಹೇಳಿಕೆಯಲ್ಲಿ ಇದನ್ನು ಸೇರಿಸಿಕೊಂಡಿತು. ಅಪೊಸ್ತಲರ ಕೃತ್ಯಗಳ 2, 10 ಮತ್ತು 19ನೆಯ ಅಧ್ಯಾಯಗಳು ಅದರ ಆಧಾರ. ಎಲ್ಲರೂ ವಾಣಿಗಳನ್ನಾಡುತ್ತಾರೋ ಎಂದು ಪೌಲನು 12:30ರಲ್ಲಿ ಕೇಳುವ ರೀತಿ ಇಲ್ಲವೆಂಬ ಉತ್ತರವನ್ನೇ ನಿರೀಕ್ಷಿಸುತ್ತದೆ. ಅಲ್ಲಿ ಹೇಳಿರುವುದು ಸಭೆಯಲ್ಲಿ ಉಪಯೋಗಿಸುವ ವರ, ಪ್ರಮಾಣವಾದ ವಾಣಿ ಬೇರೆ ಎಂದು ಆ ಪಕ್ಷದವರು ಸಮಾಧಾನ ಕೊಡುತ್ತಾರೆ. ಅದನ್ನು ಒಪ್ಪಿದರೂ, ಲೂಕನ ಕಥನದಲ್ಲಿ ಪ್ರಮಾಣವು ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಕೈಸರೈಯದಲ್ಲಿ ಕೊರ್ನೇಲ್ಯನ ಮನೆಯವರು ವಾಣಿಗಳನ್ನಾಡಿದಾಗ ಬೆರಗಾದವರು ಪೇತ್ರನೊಂದಿಗೆ ಬಂದಿದ್ದ ಸುನ್ನತಿಯವರು. ಹೊರಗಿನವರೆಂದು ತಾವು ಎಣಿಸಿದವರನ್ನು ದೇವರು ಒಳಗೆ ತೆಗೆದುಕೊಂಡಿದ್ದಾನೆಂಬ ಪ್ರಮಾಣ ಅದು, ಒಳಗಿನವರಿಗೆ ಕೊಟ್ಟದ್ದು. ಒಂದು ಸಭೆಯಲ್ಲಿ ವಾಣಿಯನ್ನಾಡದ ಯುವತಿಯೊಬ್ಬಳನ್ನು ಗಾನವೃಂದದಿಂದ ಬಿಡಿಸಿದ್ದನ್ನು ನಾನು ಬಲ್ಲೆ. ಲೂಕನ ಕಥೆಯಲ್ಲಿ ಬಾಗಿಲು ತೆರೆದ ಗುರುತು ಅಲ್ಲಿ ಬಾಗಿಲಿಗೆ ಅಗುಳಿಯಾಯಿತು.

ವರಗಳು ನಿಂತುಹೋದವೆಂಬ ವಾದದ ಬಗ್ಗೆ ಬಹಳ ಹೇಳಬೇಕಾಗಿಲ್ಲ. 13:10ರ ಪರಿಪೂರ್ಣವಾದದ್ದು ಹೊಸ ಒಡಂಬಡಿಕೆಯ ಗ್ರಂಥಗಳ ಪೂರ್ತಿಯಾಗುವಿಕೆಯೆಂದು ಹೇಳುವವರು ಎರಡೇ ವಚನ ಮುಂದೆ ಓದಿದರೆ ಸಾಕು. ಮುಖಾಮುಖಿಯಾಗಿ ಕಾಣುವ ದಿನ ನಮಗಿನ್ನೂ ಬಂದಿಲ್ಲ.

ಕೊರಿಂಥಕ್ಕೆ ಹೋಗೋಣ, ತಿರುಳಿರುವುದು ಅಲ್ಲಿ. ಕ್ರಿ.ಪೂ. 44ರಲ್ಲಿ ರೋಮನ್ ವಸಾಹತಾಗಿ ಮತ್ತೆ ಕಟ್ಟಲ್ಪಟ್ಟ ಈ ಪಟ್ಟಣ ಎರಡು ಬಂದರುಗಳ ನಡುವೆ ಇತ್ತು. ಅಧಿಕಾರದ ಶಾಸನಗಳು ಲ್ಯಾಟಿನಿನಲ್ಲಿ, ಬೀದಿಯ ಮಾತು ಗ್ರೀಕಿನಲ್ಲಿ. ದಾಸರೂ ನಾವಿಕರೂ ಹೊತ್ತುತಂದ ನುಡಿಗಳು ಇನ್ನೆಷ್ಟೋ. ತಿಳಿಯದ ಮಾತಿನ ನಡುವೆ ಬದುಕುವುದೇನೆಂದು ಅಲ್ಲಿಯ ಬಡವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಾತಿನ ಅರ್ಥ ತಿಳಿಯದಿದ್ದರೆ ಆಡುವವನೂ ಕೇಳುವವನೂ ಒಬ್ಬರಿಗೊಬ್ಬರು 'ಬಾರ್ಬರೊಸ್' ಆಗುತ್ತಾರೆಂದು ಪೌಲನು 14:11ರಲ್ಲಿ ಬರೆದಾಗ ಅದು ಅವರ ದಿನನಿತ್ಯದ ಅವಮಾನವನ್ನೇ ಮುಟ್ಟಿತು. ಹೊರಗೆ ಪರದೇಶಿಯಾದವನು ಸಹೋದರರ ನಡುವೆಯೂ ಪರದೇಶಿಯಾಗಬೇಕೇ?

ಕೊರಿಂಥದವರು ತಮ್ಮ ವಾಣಿಯನ್ನು ದೇವದೂತರ ಭಾಷೆಯೆಂದು ಎಣಿಸಿದ್ದಿರಬೇಕು. 13:1ರ ಮಾತು ಹಾಗೆ ಸೂಚಿಸುತ್ತದೆ. ಇಂಥ ಎಣಿಕೆ ಆ ಕಾಲದ ಯೆಹೂದ್ಯ ಸಾಹಿತ್ಯಕ್ಕೆ ಹೊರತಾದುದಲ್ಲ. 'ಯೋಬನ ಮರಣಶಾಸನ' ಎಂಬ ಗ್ರಂಥದಲ್ಲಿ ಯೋಬನ ಮೂವರು ಹೆಣ್ಣುಮಕ್ಕಳು ತಂದೆ ಕೊಟ್ಟ ಪಟ್ಟಿಗಳನ್ನು ಕಟ್ಟಿಕೊಂಡೊಡನೆ ದೇವದೂತರ ನುಡಿಗಳಲ್ಲಿ ಹಾಡತೊಡಗುತ್ತಾರೆ, ಭೂಲೋಕದ ಚಿಂತೆ ಅವರಿಂದ ಕಳಚಿಕೊಳ್ಳುತ್ತದೆ. ಭೂಲೋಕದ ಚಿಂತೆ ಕಳಚಿದವರು ಪಕ್ಕದವನ ಚಿಂತೆಯನ್ನೂ ಕಳಚಿಕೊಂಡರೆ ಏನಾಗುವುದೆಂಬುದಕ್ಕೆ ಕೊರಿಂಥವೇ ನಿದರ್ಶನ. ಈ ದೃಷ್ಟಿಯಿಂದ 14ನೆಯ ಅಧ್ಯಾಯವನ್ನು 11ರೊಡನೆ ಜೊತೆಯಾಗಿಟ್ಟು ಓದಬೇಕು; ನಮ್ಮ ವ್ಯಾಖ್ಯಾನಗಳಲ್ಲಿ ಇದು ಅಪರೂಪ. ಅಲ್ಲಿ ಕರ್ತನ ಭೋಜನಕ್ಕೆ ಕೂಡಿಬಂದವರಲ್ಲಿ ಒಬ್ಬನು ಹಸಿದಿದ್ದಾನೆ, ಇನ್ನೊಬ್ಬನು ಕುಡಿದು ಮತ್ತನಾಗಿದ್ದಾನೆ. ಏನೂ ಇಲ್ಲದವರು ನಾಚಿಕೆಪಡುತ್ತಿದ್ದಾರೆ. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂಬುದು ಅಲ್ಲಿ ಪೌಲನ ಆಜ್ಞೆ. ಇಲ್ಲಿಯೂ ಹಾಗೆಯೇ: ಒಬ್ಬೊಬ್ಬರಾಗಿ, ಇಬ್ಬರು ಹೆಚ್ಚೆಂದರೆ ಮೂವರು, ಅರ್ಥ ಹೇಳುವವನಿಲ್ಲದಿದ್ದರೆ ಮೌನ, ಕುಳಿತಿರುವವನಿಗೆ ಪ್ರಕಟನೆಯಾದರೆ ನಿಂತು ಮಾತಾಡುವವನು ನಿಲ್ಲಿಸಬೇಕು. ಎರಡು ಕಡೆಯೂ ಕೆಲವರು ತುಂಬಿತುಳುಕುತ್ತಿದ್ದಾರೆ, ಕೆಲವರು ಬರಿಗೈಯಲ್ಲಿ ನೋಡುತ್ತ ಕುಳಿತಿದ್ದಾರೆ. ಅರ್ಥ ಹೇಳದ ವಾಣಿ, ಕಾಯದೆ ಉಂಡ ಊಟ. 14ನೆಯ ಅಧ್ಯಾಯದ ನಿಯಮಗಳನ್ನು ಬರಿಯ ಶಿಸ್ತಿನ ಪಟ್ಟಿಯೆಂದು ಓದಿದರೆ ಈ ಹಸಿವು ಕಾಣುವುದೇ ಇಲ್ಲ.

20ರಿಂದ 25ರವರೆಗಿನ ವಚನಗಳು ವ್ಯಾಖ್ಯಾನಕಾರರಿಗೆ ತಲೆನೋವು. ವಾಣಿಗಳು ನಂಬದವರಿಗೆ ಗುರುತು, ಪ್ರವಾದನೆ ನಂಬುವವರಿಗೆ ಎಂದು ಹೇಳಿದ ಪೌಲನೇ ಮರುಕ್ಷಣದಲ್ಲಿ ಕೊಡುವ ದೃಷ್ಟಾಂತ ತಲೆಕೆಳಗಾಗಿದೆ: ವಾಣಿಯನ್ನು ಕೇಳಿದ ನಂಬದವನು ಇವರಿಗೆ ಹುಚ್ಚು ಹಿಡಿದಿದೆ ಎನ್ನುತ್ತಾನೆ, ಪ್ರವಾದನೆಯನ್ನು ಕೇಳಿದರೆ ಅಡ್ಡಬಿದ್ದು ದೇವರನ್ನು ಆರಾಧಿಸುತ್ತಾನೆ. ಇಂಗ್ಲಿಷ್ ಅನುವಾದಕ ಜೆ. ಬಿ. ಫಿಲಿಪ್ಸ್ ಇಲ್ಲಿ ಪೌಲನ ಲೇಖನಿಯೋ ಪ್ರತಿಕಾರನ ಕೈಯೋ ಜಾರಿರಬೇಕೆಂದು ಬಗೆದು 22ನೆಯ ವಚನವನ್ನು ತಿರುವಿಯೇ ಹಾಕಿದರು. ಅಷ್ಟು ದೂರ ಹೋಗಬೇಕಾಗಿಲ್ಲ. ಪೌಲನು ಉದ್ಧರಿಸುವ ಯೆಶಾಯನ 28ನೆಯ ಅಧ್ಯಾಯವನ್ನು ನೋಡಿದರೆ ಸಾಕು. ಎಫ್ರಾಯೀಮಿನ ಕುಡುಕರ ಮೇಲೆ ಧಿಕ್ಕಾರದಿಂದ ಆರಂಭವಾಗುವ ಆ ಅಧ್ಯಾಯದಲ್ಲಿ, ಅಮಲೇರಿದ ಯಾಜಕರೂ ಪ್ರವಾದಿಗಳೂ ಯೆಶಾಯನನ್ನು ಹಂಗಿಸುತ್ತಾರೆ: ಈತನ ಮಾತು ಮೊಲೆಬಿಡಿಸಿದ ಕೂಸುಗಳಿಗೆ ಹೇಳುವ ತೊದಲು ಪಾಠ! ಸರಳವಾದ ಮಾತನ್ನು ಒಲ್ಲದವರಿಗೆ ದೇವರು ಇನ್ನು ತಿಳಿಯದ ತುಟಿಗಳಿಂದಲೇ ಮಾತಾಡುವನೆಂದು ಪ್ರವಾದಿ ಉತ್ತರಿಸುತ್ತಾನೆ. ಆ ತುಟಿಗಳು ಅಶ್ಶೂರ್ಯರ ಸೈನಿಕರವು. ಹೀಗೆ ತಿಳಿಯದ ಭಾಷೆ ಗುರುತಾಗಿರುವುದು ನ್ಯಾಯತೀರ್ಪಿನ ಅರ್ಥದಲ್ಲಿ: ಕೇಳುವ ಅವಕಾಶ ಮುಗಿಯಿತು ಎಂಬುದಕ್ಕೆ. ಆದ್ದರಿಂದ ಪೌಲನು ಕೊರಿಂಥದವರನ್ನು ಪ್ರಶ್ನಿಸುತ್ತಿರುವುದು ಇಷ್ಟು: ಬಾಗಿಲ ಬಳಿ ಬಂದು ನಿಂತ ಅನ್ಯನಿಗೆ, ಅವನು ಇನ್ನೂ ಏನನ್ನೂ ತಿರಸ್ಕರಿಸದಿರುವಾಗಲೇ, ನೀವು ಅಶ್ಶೂರ್ಯರಾಗಬೇಕೆಂದಿದ್ದೀರಾ?

ಹಾಗಾದರೆ ವಾಣಿಗೆ ಉದ್ದೇಶವೇ ಇಲ್ಲವೆ? ಇದೆ. ನಿಮ್ಮೆಲ್ಲರಿಗಿಂತ ಹೆಚ್ಚಾಗಿ ವಾಣಿಗಳನ್ನಾಡುತ್ತೇನೆಂದು ದೇವರನ್ನು ಸ್ತುತಿಸುವ ಅಪೊಸ್ತಲನು, ಅವನ್ನು ಅಡ್ಡಿಮಾಡಬೇಡಿರೆಂದೇ ಅಧ್ಯಾಯವನ್ನು ಮುಗಿಸುತ್ತಾನೆ. ಜರ್ಮನಿಯ ಎರ್ನ್ಸ್ಟ್ ಕೇಸೆಮನ್ ರೋಮಾಪುರದವರಿಗೆ ಬರೆದ ಪತ್ರಿಕೆಯ 8:26ನ್ನು ವಾಣಿಗಳಿಗೆ ಅನ್ವಯಿಸಿದ್ದು ಇಲ್ಲಿ ದಾರಿ ತೋರಿಸುತ್ತದೆ. ಏನು ಬೇಡಬೇಕೆಂದು ತಿಳಿಯದ ನಮ್ಮ ಬಲಹೀನತೆಯಲ್ಲಿ ಆತ್ಮನು ನುಡಿಗೆ ಸಿಗದ ನರಳಿಕೆಯಿಂದ ವಿಜ್ಞಾಪಿಸುತ್ತಾನೆಂಬ ಮಾತನ್ನು ಅವರು ಸಭೆಯ ಆರಾಧನೆಯಲ್ಲಿ ಕೇಳಿಬರುತ್ತಿದ್ದ ವಾಣಿಯೆಂದೇ ಓದುತ್ತಾರೆ. ಕೊರಿಂಥದವರು ಯಾವುದನ್ನು ಪರಲೋಕದ ಮಹಿಮೆಯೆಂದು ಕೇಳಿದರೋ ಅದರಲ್ಲಿ ಪೌಲನು ಪ್ರಸವವೇದನೆಯಲ್ಲಿರುವ ಸೃಷ್ಟಿಯ ಕೂಗನ್ನು ಕೇಳಿದನು. ಈ ಅನ್ವಯವನ್ನು ಒಪ್ಪದ ವಿದ್ವಾಂಸರು ಅನೇಕರಿದ್ದಾರೆ. ಅಲ್ಲಿ ಹೇಳಿರುವುದು ಉಚ್ಚರಿಸದ ನಿಟ್ಟುಸಿರು, ಉಚ್ಚರಿಸುವ ವಾಣಿಯಲ್ಲವೆಂಬ ಅವರ ಆಕ್ಷೇಪಣೆ ಬಲವಾದದ್ದು. ಆದರೂ ದಿಕ್ಕು ಸರಿಯಾಗಿದೆಯೆಂದು ನನ್ನ ಅಭಿಪ್ರಾಯ. ವಾಣಿಯು ಮಾತು ಸೋತವನ ಪ್ರಾರ್ಥನೆಯಾದರೆ ಅದು ಪದವಿಯ ಗುರುತಾಗಲಾರದು.

ಕರಾವಳಿಯಲ್ಲಿ ಕೆಲವು ಸಭಾಪಾಲಕರು ವಾಣಿಯನ್ನಾಡುವವರನ್ನು ಹಳಿಯಲು 'ಇದು ದರ್ಶನ ಬಂದಂತೆ, ದೈವ ಮೈದುಂಬಿದಂತೆ' ಎನ್ನುವುದುಂಟು. ಹೋಲಿಕೆ ಸಡಿಲವಾದದ್ದು. ಕೋಲದಲ್ಲಿ ದೈವದ ನುಡಿ ಕೂಡಿದವರಿಗೆ ತಿಳಿಯುವ ತುಳುವಿನಲ್ಲೇ ಬರುತ್ತದೆ, ಕುಟುಂಬದವರ ಹೆಸರು ಹಿಡಿದೇ ಅವರೊಡನೆ ಮಾತಾಡುತ್ತದೆ. ಅಲ್ಲಿಯ ದೇವತಾವಿಚಾರವನ್ನು ನಾವು ಒಪ್ಪುವುದಿಲ್ಲ. ಆದರೆ ಕೇಳುವವನಿಗೆ ತಿಳಿಯುವಂತೆ ನುಡಿಯಬೇಕೆಂಬುದನ್ನು ಆ ಅಂಗಳ ಮರೆತಿಲ್ಲ. ನಮ್ಮ ಆರಾಧನೆ ಮರೆತಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ನುಡಿಗೆ ಎಡೆಮಾಡಿಕೊಡುವವರೆಗೂ ಕಥೋಲಿಕ ಸಹೋದರರು ಲ್ಯಾಟಿನ್ ಪೂಜೆಗೆ ಆಮೆನ್ ಎನ್ನುತ್ತಿದ್ದರೆಂದು ನಾವು ಬಹಳ ಕಾಲ ಆಡಿಕೊಂಡೆವು. ನಮ್ಮ ಆರಾಧನಾಕ್ರಮದಲ್ಲಿರುವ ಸಂಸ್ಕೃತಭೂಯಿಷ್ಠವಾದ ಪಾಪನಿವೇದನೆಯನ್ನು, ಹೊಲದಿಂದ ನೇರವಾಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತವರು ಎಷ್ಟು ಗ್ರಹಿಸುತ್ತಾರೆಂದು ಕೇಳಿನೋಡಿದವರು ಕಡಿಮೆ.

ನಾನು ಕೇಳಿ ನೋಡಲಿಲ್ಲ, ನನಗೇ ಹೇಳಲಾಯಿತು. ಹಳ್ಳಿಯೊಂದರ ಸಭೆಯಲ್ಲಿ ಸೇವೆಯಲ್ಲಿದ್ದಾಗ, ಮಗನನ್ನು ಕಳೆದುಕೊಂಡ ಒಬ್ಬ ವೃದ್ಧೆಯ ಮನೆಯಲ್ಲಿ ಪಕ್ಕದೂರಿನ ಉಪವಾಸ ಪ್ರಾರ್ಥನೆಯ ಗುಂಪಿನವರು ಬಂದು ವಾಣಿಗಳಲ್ಲಿ ಪ್ರಾರ್ಥಿಸಿ ಹೋಗಿದ್ದರು. ಮರುದಿನ ನಾನು ಹೋಗಿ, ಪುನರುತ್ಥಾನದ ನಿರೀಕ್ಷೆಯ ಮೇಲೆ ಸಿದ್ಧಮಾಡಿಕೊಂಡಿದ್ದ ಪ್ರಸಂಗವನ್ನು ಮಾಡಿ, ಕೊನೆಗೆ ಆ ಗುಂಪಿನ ವಿಷಯವಾಗಿ ಎಚ್ಚರಿಕೆಯ ಒಂದೆರಡು ಮಾತನ್ನೂ ಸೇರಿಸಿದೆ. ಆಕೆ ಹೇಳಿದ್ದು ಇಷ್ಟು: "ಅಯ್ಯನವರೇ, ಅವರು ಅಂದದ್ದು ನನಗೆ ತಿಳೀಲಿಲ್ಲ. ನೀವು ಅಂದದ್ದೂ ಅಷ್ಟಾಗಿ ತಿಳೀಲಿಲ್ಲ. ಅವರು ನನ್ನ ಸಂಗಡ ಅತ್ತರು, ಅದು ತಿಳೀತು." ಆ ಮನೆಯಲ್ಲಿ ಅರ್ಥ ಹೇಳುವವನಿಲ್ಲದೆ ವಾಣಿಯನ್ನಾಡಿದವನು ನಾನು. ಅವರ ಅಳುವಿಗೆ ಆಕೆ ಆಮೆನ್ ಎಂದಿದ್ದಳು. ನನ್ನ ವಾದಕ್ಕೆ ಇದು ತೊಡಕೆಂದು ಬಲ್ಲೆ: ತಿಳಿಯದ ವಾಣಿಯೂ ಕೆಲವೊಮ್ಮೆ ನೆರೆಯವಳನ್ನು ಮುಟ್ಟುತ್ತದೆ. ಆದರೆ ಅದನ್ನು ಮುಟ್ಟಿಸಿದ್ದು ಕಣ್ಣೀರು; ಅರ್ಥ ಹೇಳುವ ಕೆಲಸವನ್ನು ಅಲ್ಲಿ ಅದು ಮಾಡಿತು.

ಕಡೆಯದಾಗಿ, ಕ್ರಮದ ಹೆಸರಿನಲ್ಲಿ ನಡೆಯುವ ಅನ್ಯಾಯದ ಕುರಿತು. 14:40ನ್ನು ಉದ್ಧರಿಸುವವರು ಬಹುಪಾಲು ವೇದಿಕೆಯ ಮೇಲಿರುವವರು. ಸುಮ್ಮನಿರಬೇಕಾದವರು ಬಹುಪಾಲು ಹೆಂಗಸರು, ಬಡವರು. ಪುಣೆಯ ಬಳಿಯ ಕೇಡಗಾಂವಿನ ಮುಕ್ತಿ ಆಶ್ರಮದ ಚರಿತ್ರೆ ಇದಕ್ಕೆ ಒಳ್ಳೆಯ ಪರೀಕ್ಷೆ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬಾಲವಿಧವೆಯರೂ ಕ್ಷಾಮದಲ್ಲಿ ಅನಾಥರಾದ ಹುಡುಗಿಯರೂ ತುಂಬಿದ್ದ ಆ ಆಶ್ರಮದಲ್ಲಿ 1905ರ ಜೂನ್ ತಿಂಗಳಲ್ಲಿ ಉಜ್ಜೀವನವಾಯಿತು. ಮುಂದೆ ಕೆಲವರು ವಾಣಿಗಳನ್ನೂ ಆಡಿದರು. ಟೀಕೆಗಳು ಬಂದವು. ಪಾಶ್ಚಾತ್ಯರ ಅಭಿರುಚಿಗೆ ಒಗ್ಗುವುದಿಲ್ಲವೆಂಬ ಕಾರಣಕ್ಕೆ ಆ ಹುಡುಗಿಯರ ಬಾಯಿ ಮುಚ್ಚಿಸಲು ರಮಾಬಾಯಿ ಒಪ್ಪಲಿಲ್ಲ. ಹಾಗೆಂದು ವಾಣಿಯೊಂದೇ ಪವಿತ್ರಾತ್ಮನ ಪ್ರಮಾಣವೆಂದೂ ಅವರು ಹೇಳಲಿಲ್ಲ. ಅವರ ಜೊತೆಗಾತಿ ಮಿನ್ನಿ ಏಬ್ರಮ್ಸ್ ಕೂಡ ಅಷ್ಟು ಬಿಗಿಯಾಗಿ ಹೇಳಲಿಲ್ಲ.

ಅದೇ ವರ್ಷಗಳಲ್ಲಿ ರಮಾಬಾಯಿ ಮತ್ತೊಂದು ಕೆಲಸಕ್ಕೆ ಕೈಹಾಕಿದ್ದರು. ಆಗಿದ್ದ ಮರಾಠಿ ಸತ್ಯವೇದದ ಭಾಷೆ ಆಶ್ರಮದ ಹೆಂಗಸರಿಗೆ ಎಟುಕುತ್ತಿರಲಿಲ್ಲ. ಸಂಸ್ಕೃತದಲ್ಲಿ ಪಂಡಿತರ ಸಭೆಯಿಂದಲೇ 'ಸರಸ್ವತಿ' ಎಂಬ ಬಿರುದು ಪಡೆದಿದ್ದ ಆ ವಿದುಷಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಇಡೀ ಗ್ರಂಥವನ್ನು ಓದುಬರಹ ಈಗಷ್ಟೇ ಕಲಿತ ಹೆಂಗಸು ಓದಿ ತಿಳಿಯುವಂಥ ಮರಾಠಿಗೆ ತರುತ್ತ ಕುಳಿತರು. ವಾಣಿಗಳನ್ನು ಅಡ್ಡಿಮಾಡದ ಕೈಯೇ ಅದನ್ನೂ ಬರೆಯಿತು. ಮೊಳೆ ಜೋಡಿಸಿ ಅಚ್ಚುಹಾಕಿದವರು ಆಶ್ರಮದ ಹೆಂಗಸರೇ. ರಮಾಬಾಯಿ 1922ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪೂರ್ತಿ ಗ್ರಂಥ ಹೊರಬಂದದ್ದು 1924ರಲ್ಲಿ.